ಸಮೋಸಿರ್‌ನ ಮೊದಲ ದಿನ

ಹೆಂಗಸರು ಪ್ರವಾಸ ಹೊರಡುವುದೆಂದರೆ ಅದಕ್ಕೆ ಮೊದಲಿನ ನಾಲ್ಕು ದಿನ ಒಲೆಯ ಮುಂದೆ ನಿಲ್ಲುವುದೆಂದೇ ಅರ್ಥ. ಮನೆಯಲ್ಲಿ ಉಳಿಯುವವರಿಗೆ ಸಾರಿನಪುಡಿ, ಹುಳಿಪುಡಿ, ಫ್ರಿಜ್ಜಿನಲ್ಲಿ ದೋಸೆಹಿಟ್ಟು. ಹೊರಡುವವರಿಗೆ ಚಕ್ಕುಲಿ, ಕೋಡುಬಳೆ, ಚಟ್ನಿಪುಡಿ, ಹುರಿದ ಅವಲಕ್ಕಿ. ಸಾಗರದ ಸುತ್ತಮುತ್ತಲ ಶಾಲೆಗಳಲ್ಲಿ ಪಾಠ ಹೇಳುವ ನಾವು ಒಂಬತ್ತು ಮಂದಿ, ಮೂರು ವರ್ಷ ಚೀಟಿ ಕಟ್ಟಿ ಕೂಡಿಸಿದ ದುಡ್ಡಿನಲ್ಲಿ 2024ರ ದಸರಾ ರಜೆಗೆ ಇಂಡೋನೇಷ್ಯಾಕ್ಕೆ ಹೊರಟಾಗ ವಿಮಾನದವರು ಕೊಟ್ಟ ತೂಕದಲ್ಲಿ ಅರ್ಧಪಾಲು ಈ ಪುಡಿಗಳಿಗೇ ಹೋಯಿತು. ಮಿಕ್ಕ ಅರ್ಧದಲ್ಲಿ ಸೀರೆ, ಸ್ವೆಟರು, ಬಿ.ಪಿ. ಮಾತ್ರೆ. ಗಣಿತದ ಮೇಡಂ ಒಂದು ತಕ್ಕಡಿಯನ್ನೇ ತಂದು ಎಲ್ಲರ ಚೀಲವನ್ನೂ ಎರಡೆರಡು ಸಲ ತೂಗಿದರು.

ಬಾಲಿಗೆ ಹೋಗೋಣ, ಅಲ್ಲಾದರೆ ದೇವಸ್ಥಾನಗಳಿವೆ ಎಂದು ಹಿಂದಿ ಮೇಡಂ ಹಟ ಹಿಡಿದಿದ್ದರು. ಬಾಲಿಗೆ ಎಲ್ಲರೂ ಹೋಗುತ್ತಾರೆ, ಸುಮಾತ್ರಾದ ಟೋಬಾ ಸರೋವರ ನೋಡೋಣ ಎಂದು ನಾನು. ಮೊದಲು ಟೋಬಾ, ಆಮೇಲೆ ಬಾಲಿ ಎಂದು ಕೊನೆಗೆ ರಾಜಿಯಾಯಿತು. ನನ್ನ ಹಟಕ್ಕೂ ಕಾರಣವಿತ್ತು. ಸಮಾಜ ವಿಜ್ಞಾನದ ಟೀಚರಾಗಿ ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಜ್ವಾಲಾಮುಖಿಯ ಚಿತ್ರ ಬರೆದವಳು ನಾನು. ಕೆಂಪು ಸೀಮೆಸುಣ್ಣದಲ್ಲಿ ಲಾವಾರಸ, ಬಿಳಿಯದರಲ್ಲಿ ಹೊಗೆ. ನಿಜವಾದ ಒಂದನ್ನೂ ಕಂಡಿರಲಿಲ್ಲ. ಟೋಬಾ ಎಂಬುದು ಸರೋವರವೆಂದು ಹೆಸರಿಗೆ. ಅದು ಸುಮಾರು 74,000 ವರ್ಷಗಳ ಹಿಂದೆ ಸಿಡಿದು ಕುಸಿದ ಮಹಾಜ್ವಾಲಾಮುಖಿಯ ಬಾಯಿ. ಆಗ ಎದ್ದ ಬೂದಿ ಬಂಗಾಳಕೊಲ್ಲಿ ದಾಟಿ ನಮ್ಮ ದೇಶದ ಮೇಲೆಲ್ಲ ಬಿತ್ತು. ಬಳ್ಳಾರಿಯ ಆಚೆ, ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂ ಎಂಬ ಹಳ್ಳಿಯಲ್ಲಿ ಅದರ ದಪ್ಪ ಪದರ ಇವತ್ತಿಗೂ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ವಿದೇಶದ ವಿದ್ವಾಂಸರೂ ಸೇರಿ ಅಲ್ಲಿ ಅಗೆದು, ಬೂದಿಯ ಕೆಳಗೂ ಮೇಲೂ ಮನುಷ್ಯರು ಬಳಸಿದ ಕಲ್ಲಿನ ಹತಾರಗಳನ್ನು ಕಂಡು 2007ರಲ್ಲಿ ಪ್ರಕಟಿಸಿದರು. ಅದನ್ನು ಓದಿದಂದಿನಿಂದ ಆ ಬಾಯಿಯನ್ನು ನೋಡಬೇಕೆಂಬ ಆಸೆ. ಅಂದಹಾಗೆ ಆ ಹಳ್ಳಿಯವರು ಈ ಬೂದಿಯನ್ನು ತೊಳೆಯುವ ಪುಡಿಗೆಂದು ಅಗೆದು ಮಾರುತ್ತಿದ್ದರಂತೆ. ಪ್ರಪಂಚವನ್ನೇ ನಡುಗಿಸಿದ ಬೂದಿ ಕೊನೆಗೆ ಯಾರದೋ ಮನೆಯ ಬಾಣಲೆ ಬೆಳಗಿತು ಎಂದು ನೆನೆದರೆ ನನಗೇನೋ ಸಮಾಧಾನ.

ಬೆಂಗಳೂರಿನಿಂದ ಕೌಲಾಲಂಪುರ, ಅಲ್ಲಿಂದ ಮೇದಾನ್ ನಗರ. ಒಂದು ರಾತ್ರಿ ಅಲ್ಲಿ ಕಳೆದು ಬೆಳಗಾಗೆದ್ದು ವ್ಯಾನು ಹತ್ತಿದೆವು. ಎಣ್ಣೆತಾಳೆಯ ತೋಟ ಎಷ್ಟು ಹೊತ್ತಾದರೂ ಮುಗಿಯಲಿಲ್ಲ. ಒಂದೇ ಎತ್ತರ, ಒಂದೇ ಬಣ್ಣ, ಸಾಲು ತಪ್ಪದೆ ನಿಂತ ಮರಗಳು. ಹಕ್ಕಿಯ ಸದ್ದೂ ಇಲ್ಲ. ಅಡಿಕೆ ತೋಟದ ನಡುವೆ ಬೆಳೆದ ನಮಗೆ ಅದು ತೋಟವೆನಿಸಲೇ ಇಲ್ಲ.

ದಾರಿಯುದ್ದಕ್ಕೂ ಮಾತಿಗೆ ಸಿಕ್ಕವನು ನಮ್ಮ ಗೈಡ್. ಮೂವತ್ತರ ಹುಡುಗ, ಟೋಬಾ ಸೀಮೆಯ ಬಟಕ್ ಜನಾಂಗದವನು. ನಾವೆಲ್ಲ ಶಾಲೆಯವರು ಎಂದು ತಿಳಿದ ಕೂಡಲೇ ಎದ್ದು ನಿಂತು ಕೈಮುಗಿದ. "ಗುರು! ಎಲ್ಲರೂ ಗುರು!" ಎಂದ. ಅವರ ಭಾಷೆಯಲ್ಲೂ ಟೀಚರಿಗೆ ಗುರು ಎಂದೇ ಹೆಸರು. ಹೆಂಡತಿಗೆ ಇಸ್ತ್ರಿ, ಗಂಡನಿಗೆ ಸುವಾಮಿ, ಬಟಕರು ಮರದ ತೊಗಟೆಯ ಮೇಲೆ ಬರೆದಿಟ್ಟ ಹಳೆಯ ಗ್ರಂಥಕ್ಕೆ ಪುಸ್ತಹ, ದೇವರಿಗೆ ದೇಬತಾ. ಸಂಸ್ಕೃತ ಎಷ್ಟು ದೂರ ನಡೆದುಹೋಗಿದೆ ನೋಡಿ! ಹಿಂದಿ ಮೇಡಂ ಡೈರಿ ತೆಗೆದು ಎಲ್ಲವನ್ನೂ ಬರೆದುಕೊಂಡರು.

ಅವರಲ್ಲಿ ಮಾರ್ಗ ಎಂದು ಕುಲದ ಹೆಸರುಗಳಿವೆ. ಹೆಸರಿನ ಕೊನೆಗೆ ಅದು ಬರಲೇಬೇಕು. ಒಂದೇ ಮಾರ್ಗದವರು ಮದುವೆಯಾಗುವಂತಿಲ್ಲ. ನಮ್ಮ ಗೋತ್ರ, ಬೆಡಗು ಇದ್ದಂತೆಯೇ. ಗಂಡಿಗೆ ಸೋದರಮಾವನ ಮಗಳು ಬಲು ಯೋಗ್ಯವಾದ ಹೆಣ್ಣು. ಆದರೆ ಸೋದರತ್ತೆಯ ಮಗಳನ್ನು ತರಬಾರದು. ಕಾರಣವನ್ನೂ ಅವನು ಹೇಳಿದ. ಹೆಣ್ಣು ಕೊಟ್ಟ ಮನೆ ಯಾವಾಗಲೂ ಮೇಲು, ಹೆಣ್ಣು ತಂದ ಮನೆ ಅದಕ್ಕೆ ತಗ್ಗಿ ನಡೆಯಬೇಕು, ಆ ದಿಕ್ಕು ತಿರುಗುಮುರುಗಾಗಬಾರದು. ಈ ಮಾತು ಕೇಳಿ ವ್ಯಾನಿನೊಳಗೆ ಒಂದು ಗಳಿಗೆ ಮೌನ. ನಮ್ಮೂರಿನಲ್ಲಿ ಬೀಗರ ಮುಂದೆ ಕೈಕಟ್ಟಿ ನಿಂತ ನಮ್ಮ ಅಪ್ಪಂದಿರು ಎಲ್ಲರಿಗೂ ನೆನಪಾಗಿರಬೇಕು. "ಹೆಣ್ಣು ಕೊಟ್ಟವರು ಮೇಲಂತೆ ಕಣ್ರೀ!" ಎಂದು ಹೊಲಿಗೆ ಟೀಚರು ಎರಡು ಸಲ ಹೇಳಿದರು. ಅವರಿಗೆ ಮೂರು ಹೆಣ್ಣುಮಕ್ಕಳು. ತನ್ನ ಜನ, ಹೆಣ್ಣು ಕೊಟ್ಟವರು, ಹೆಣ್ಣು ತಂದವರು, ಈ ಮೂವರೂ ಸೇರಿದರೇ ಸಮಾಜವಂತೆ. ಅದಕ್ಕೆ ಅವರಿಟ್ಟ ಹೆಸರು ದಲಿಹಾನ್ ನ ತೋಲು, ಎಂದರೆ ಮೂರು ಒಲೆಗುಂಡು. ಒಂದು ಗುಂಡು ತೆಗೆದರೆ ಮಡಕೆ ನಿಲ್ಲುವುದಿಲ್ಲ. ನಮ್ಮಲ್ಲಿ ಅಕ್ಕನ ಮಗಳನ್ನೇ ಮದುವೆಯಾಗುವುದುಂಟು ಎಂದು ಪಿ.ಟಿ. ಟೀಚರು ಹೇಳಿದಾಗ ಮಾತ್ರ ಆ ಹುಡುಗ ಕಿವಿ ಮುಚ್ಚಿಕೊಂಡ.

ಘಟ್ಟದ ತಿರುವೊಂದರಲ್ಲಿ ವ್ಯಾನು ನಿಂತಿತು. ಕೆಳಗೆ ನೀರು. ಸಮುದ್ರವೇನೋ ಎನ್ನಬೇಕು, ಆದರೆ ಸುತ್ತಲೂ ಗೋಡೆ ಎಬ್ಬಿಸಿದಂತೆ ಕಡಿದಾದ ಹಸಿರು ಗುಡ್ಡ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ, ಅತಿ ಆಳದ ಕಡೆ ಅರ್ಧ ಕಿಲೋಮೀಟರ್. ಅಂಕಿಗಳನ್ನು ಬಾಯಿಪಾಠ ಮಾಡಿ ಬಂದಿದ್ದೆ. ನೋಡಿದ ಮೇಲೆ ಒಂದೂ ನಾಲಿಗೆಗೆ ಬರಲಿಲ್ಲ. ನಡುವೆ ನೀರಿನಲ್ಲಿ ಮಲಗಿದ ಎಮ್ಮೆಯ ಬೆನ್ನಿನ ಹಾಗೆ ಸಮೋಸಿರ್. ಸ್ಫೋಟವಾದ ಮೇಲೆ ಕೆಳಗಿನ ಒತ್ತಡಕ್ಕೆ ಸರೋವರದ ತಳವೇ ಮೇಲೆದ್ದು ಆದ ನೆಲ ಅದು. ಅದರ ನೆತ್ತಿಯ ಮೇಲೂ ಹಳೆಯ ಸರೋವರದ ಹೂಳಿನ ಪದರ ಸಿಗುತ್ತದೆ.

ಪರಪಟ್ ಎಂಬ ದಂಡೆಯ ಊರಿನಲ್ಲಿ ದೋಣಿಗೆ ಕಾಯುತ್ತಿದ್ದಾಗ ಎಂಟು ಹತ್ತು ವರ್ಷದ ಹುಡುಗರು ನೀರಿನಲ್ಲಿ ಈಜುತ್ತ ನಮ್ಮತ್ತ ಕೈಚಾಚಿ ಕೂಗಿದರು. ಮೇಲಿನಿಂದ ನಾಣ್ಯ ಎಸೆದರೆ ಮುಳುಗಿ ಹೆಕ್ಕುವ ಆಟ. ಒಂಬತ್ತು ಮಂದಿ ಟೀಚರುಗಳ ಬಾಯಿಂದಲೂ ಬಂದ ಮೊದಲ ಮಾತು, "ಇವತ್ತು ಸ್ಕೂಲಿಲ್ಲವಾ?" ಮಧ್ಯಾಹ್ನಕ್ಕೇ ಬಿಡುತ್ತದೆ ಎಂದ ಗೈಡ್. ನಮಗೆ ನಂಬಿಕೆ ಬರಲಿಲ್ಲ. ಆದರೂ ನಾಣ್ಯ ಎಸೆದೆವು. ದೋಣಿ ಹೊರಟ ಮೇಲೆ ಇನ್ನಿಬ್ಬರು ಹುಡುಗರು ಗಿಟಾರು ಹಿಡಿದು ಬಂದು ಹಾಡಿದರು. ಎಂಥ ಕಂಠ ಅಂತೀರಿ! ಬಟಕರು ಹುಟ್ಟು ಹಾಡುಗಾರರು ಎಂಬ ಮಾತು ಆ ದೇಶದಲ್ಲೆಲ್ಲ ಇದೆಯಂತೆ.

ಮರದ ದೋಣಿ, ಎರಡು ಅಂತಸ್ತು. ನಾನು ಕೆಳಗಡೆಯೇ, ಬಾಗಿಲ ಹತ್ತಿರ, ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿಯಾಗಿ ಕಟ್ಟಿಕೊಂಡು ಕೂತೆ. 2018ರ ಜೂನ್ 18ರಂದು ಈ ಸರೋವರದಲ್ಲೇ, ಸಮೋಸಿರ್‌ನ ಸಿಮನಿಂದೊ ಬಂದರಿನಿಂದ ಹೊರಟ ದೋಣಿಯೊಂದು ಮುಳುಗಿತ್ತು. ರಂಜಾನ್ ಹಬ್ಬದ ರಜೆಯ ದಿನಗಳು. ಹೊರಬಹುದಾದುದಕ್ಕಿಂತ ಎಷ್ಟೋ ಪಟ್ಟು ಜನ, ಮೇಲೆ ಹತ್ತಾರು ಬೈಕುಗಳು. ನೂರ ಅರವತ್ತಕ್ಕೂ ಹೆಚ್ಚು ಮಂದಿ ಸಿಗಲೇ ಇಲ್ಲ. ದೋಣಿ 450 ಮೀಟರ್ ಆಳದಲ್ಲಿ ಕೂತಿರುವುದು ಯಂತ್ರದ ಕಣ್ಣಿಗೆ ಕಂಡಿತು, ಆದರೆ ಮೇಲೆತ್ತಲಾಗಲಿಲ್ಲ. ಜುಲೈ ಮೊದಲ ವಾರದಲ್ಲಿ ಹುಡುಕಾಟ ನಿಲ್ಲಿಸಿದರು. ಇದನ್ನು ಓದಿಕೊಂಡೇ ಬಂದಿದ್ದೆ. ಜೊತೆಯವರಿಗೆ ಹೇಳಿರಲಿಲ್ಲ, ಅಷ್ಟೆ.

ನೀರಿನ ಬಗ್ಗೆ ನನಗಿರುವುದು ಈಜು ಬಾರದವರ ಭಯ ಮಾತ್ರವಲ್ಲ. ನನ್ನ ಅಮ್ಮನ ತವರು ಶರಾವತಿಯ ಹಿನ್ನೀರಿನಲ್ಲಿದೆ. ಇದೆ ಎನ್ನಬೇಕೋ ಇತ್ತು ಎನ್ನಬೇಕೋ, ಅಮ್ಮನಿಗೂ ಕೊನೆಯವರೆಗೆ ತೀರ್ಮಾನವಾಗಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಅವಳಿಗೆ ಹದಿನಾರು. ಲಾಂಚಿನಲ್ಲಿ ಸಿಗಂದೂರಿಗೆ ಹೋಗುವಾಗೆಲ್ಲ ಅಮ್ಮ ನೀರಿಗೆ ಬೆನ್ನು ಹಾಕಿ ಕೂರುತ್ತಿದ್ದಳು. "ನೋಡೇ, ಎಷ್ಟು ಚೆನ್ನಾಗಿದೆ" ಎಂದು ಯಾರಾದರೂ ಅಂದರೆ ಸೆರಗನ್ನು ಕಣ್ಣಿನವರೆಗೂ ಎಳೆದುಕೊಳ್ಳುವಳು. ಈಗ ಅಲ್ಲಿ ಸೇತುವೆಯೇ ಆಗಿದೆ. 2025ರ ಜುಲೈನಲ್ಲಿ ಉದ್ಘಾಟನೆಯೂ ಆಯಿತು. ನೋಡಲು ಅಮ್ಮ ಇಲ್ಲ.

ಸಮೋಸಿರ್ ಕೂಡ ಹುಟ್ಟಾ ದ್ವೀಪವಲ್ಲ ಎಂಬುದು ದೋಣಿಯಲ್ಲಿ ತಿಳಿಯಿತು. ಪಡುವಣ ಕಡೆ ಒಂದು ಸಣ್ಣ ಕುತ್ತಿಗೆಯಷ್ಟು ನೆಲ ಅದನ್ನು ದಡಕ್ಕೆ ಸೇರಿಸಿತ್ತು. ಕಳೆದ ಶತಮಾನದ ಆರಂಭದಲ್ಲಿ ಡಚ್ಚರು ಅಲ್ಲಿ ಕಾಲುವೆ ತೋಡಿಸಿ ಅದನ್ನು ಪೂರಾ ದ್ವೀಪ ಮಾಡಿದರು. ಈಗ ಆ ಕಾಲುವೆಯ ಮೇಲೆ ದೊಡ್ಡ ಸೇತುವೆಯಿದೆ. ಮೊದಲು ಕಡಿಯುವುದು, ಆಮೇಲೆ ಜೋಡಿಸುವುದು. ಸರ್ಕಾರ ಯಾವ ದೇಶದ್ದಾದರೇನು!

ತುಕ್‌ತುಕ್ ಎಂಬ ಚಾಚಿನಲ್ಲಿ ದೋಣಿಯವನು ಒಂದೊಂದು ವಸತಿಗೃಹದ ಮುಂದೆಯೂ ನಿಲ್ಲಿಸಿ, ಅವರವರ ಮನೆ ಬಾಗಿಲಿಗೇ ಬಿಟ್ಟಂತೆ ಇಳಿಸಿದ. "ಹೊರಾಸ್!" ಎಂದು ಒಡತಿ ಎದುರುಗೊಂಡರು. ಅವರ ನಮಸ್ಕಾರ, ಆಶೀರ್ವಾದ, ಹರಕೆ ಎಲ್ಲವೂ ಅದೊಂದೇ ಮಾತು. ಅಂಗಳದಲ್ಲಿ ಹಳೆಯ ಕಾಲದ ಮನೆಯೊಂದನ್ನು ಉಳಿಸಿಕೊಂಡಿದ್ದರು. ಕಂಬಗಳ ಮೇಲೆ ನಿಂತ ಮರದ ಮನೆ, ಎರಡು ತುದಿಯೂ ಮೇಲೆದ್ದು ದೋಣಿಯಂತೆ ಬಾಗಿದ ಮಾಡು, ಮುಂಗೋಡೆಯ ತುಂಬ ಕೆಂಪು, ಕಪ್ಪು, ಬಿಳುಪಿನ ಕೆತ್ತನೆ. ಬಾಗಿಲ ಪಕ್ಕದಲ್ಲಿ ಹಲ್ಲಿ, ಅದರ ಹತ್ತಿರ ಸಾಲಾಗಿ ಮೊಲೆಗಳು. ಹಲ್ಲಿ ಎಂದರೆ ಎಲ್ಲಿ ಹೋದರೂ ಹೊಂದಿಕೊಳ್ಳುವವನು, ಮೊಲೆ ಎಂದರೆ ಹುಟ್ಟಿದ ಮನೆಯನ್ನು ಮರೆಯಬೇಡ ಎಂಬ ಅರ್ಥವಂತೆ. ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದ ನಮ್ಮ ಹಿರಿಯರು ಕನ್ನಡಕ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಊಟ ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಅನ್ನ, ಸೋಯಾಕಾಳು ಹುಗಿಸಿ ಮಾಡಿದ ತೆಂಪೆ ಎಂಬ ಬಿಲ್ಲೆ, ಬೇಯಿಸಿದ ತರಕಾರಿಗೆ ಕಡಲೆಬೀಜದ ಗೊಜ್ಜು. ಜೊತೆಗೆ ಒಂದು ಹಸಿರು ಚಟ್ನಿ ಬಂತು. ಬೆರಳಲ್ಲಿ ನೆಕ್ಕಿ ನೋಡಿದೆ. ನಾಲಿಗೆಯ ತುದಿ ಜುಮ್ಮೆಂದಿತು. ಯಾವುದಿದು, ಎಲ್ಲಿ ತಿಂದಿದ್ದೇನೆ ಎಂದು ಯೋಚಿಸುವಷ್ಟರಲ್ಲಿ ವಿಜ್ಞಾನದ ಮೇಡಂ "ಜುಮ್ಮನಕಾಯಿ!" ಎಂದು ಕೂಗಿಯೇಬಿಟ್ಟರು. ನಮ್ಮ ಮಲೆನಾಡಿನ ಜುಮ್ಮನಕಾಯಿಯ ಒಡಹುಟ್ಟು ಅದು. ಅಲ್ಲಿ ಅಂದಾಲಿಮಾನ್ ಎನ್ನುತ್ತಾರೆ. ಹಸಿಯದನ್ನು ತರಿಸಿ ಮೂಸಿ ನೋಡಿದರೆ ನಿಂಬೆಯ ಪರಿಮಳ. ಒಡತಿಗೆ ನಮ್ಮ ಜುಮ್ಮನಕಾಯಿ ತಂಬುಳಿಯ ಕ್ರಮವನ್ನು ಹಿಂದಿ, ಇಂಗ್ಲಿಷ್, ಕೈಸನ್ನೆ ಮೂರನ್ನೂ ಬೆರೆಸಿ ಹೇಳಿಕೊಟ್ಟೆವು. ಅವರಿಗೆ ಮಜ್ಜಿಗೆ ಎಂದರೇನೆಂದು ತಿಳಿಸುವಷ್ಟರಲ್ಲಿ ಸಾಕುಬೇಕಾಯಿತು.

ಸ್ನೇಹವಾದ ಮೇಲೆ ಒಡತಿ ಕೇಳಿದ ಮೊದಲ ಪ್ರಶ್ನೆ ಪ್ರಪಂಚದ ಎಲ್ಲ ಹೆಂಗಸರೂ ಕೇಳುವಂಥದ್ದೇ. ಮಕ್ಕಳೆಷ್ಟು? ಸುತ್ತು ಬಂದಿತು. ಹಿಂದಿ ಮೇಡಂ ಎರಡು ಬೆರಳು, ಹೊಲಿಗೆ ಟೀಚರು ಮೂರು, ಗಣಿತದವರು ಒಂದು ಬೆರಳೆತ್ತಿ "ಅಮೆರಿಕ" ಎಂದು ಸೇರಿಸಿದರು. ನನ್ನ ಸರದಿ ಬಂದಾಗ ತಲೆಯಾಡಿಸಿದೆ. ಪ್ರವಾಸಕ್ಕೆಂದು ಕಲಿತಿದ್ದ ಹತ್ತು ಮಾತುಗಳಲ್ಲಿ ಒಂದನ್ನು ಬಳಸಿ "ತಿದಾ" ಎಂದೆ. ಇಲ್ಲ ಎಂದರ್ಥ. ಒಡತಿಯ ಮುಖ ಸಪ್ಪಗಾಯಿತು. ಗೈಡ್ ಮೆಲ್ಲಗೆ ಬಾಗಿ ತಿದ್ದಿದ. "ತಿದಾ ಅನ್ನಬಾರದು, ಗುರು. ಬೆಲುಂ ಅನ್ನಬೇಕು." ಬೆಲುಂ ಎಂದರೆ ಇನ್ನೂ ಇಲ್ಲ. ಮದುವೆಯಾಗಿದೆಯೇ, ಮಕ್ಕಳಾಗಿವೆಯೇ ಎಂದು ಕೇಳಿದರೆ ಅವರಲ್ಲಿ ಯಾರೂ ಇಲ್ಲ ಎನ್ನುವುದಿಲ್ಲ. ಇನ್ನೂ ಇಲ್ಲ ಎನ್ನುತ್ತಾರೆ. ಅದು ಮರ್ಯಾದೆಯ ಮಾತು.

ನನಗೆ ಐವತ್ತನಾಲ್ಕು. "ಬೆಲುಂ" ಎಂದೆ. ಒಡತಿ ಗಂಭೀರವಾಗಿ ತಲೆದೂಗಿದರು, ಅದು ನಡೆಯಬಹುದಾದ ಸಂಗತಿಯೇ ಎಂಬಂತೆ. ಎಲ್ಲರಿಗಿಂತ ಮೊದಲು ನಗು ಬಂದದ್ದು ನನಗೇ. ಆಮೇಲೆ ಎಲ್ಲರೂ ನಕ್ಕರು. ಹೊಲಿಗೆ ಟೀಚರು ಮಾತ್ರ ನಗದೆ, ತಮ್ಮ ತಟ್ಟೆಯಲ್ಲಿದ್ದ ತೆಂಪೆಯ ಬಿಲ್ಲೆಯನ್ನು ನನ್ನ ತಟ್ಟೆಗೆ ಹಾಕಿದರು. ಗೈಡ್ ಉತ್ಸಾಹದಲ್ಲಿ ಇನ್ನೊಂದು ಮಾತು ಹೇಳಿದ: ಬಟಕ್ ಮದುವೆಯಲ್ಲಿ ಹಿರಿಯರು ಹರಸುವುದೇ ಹದಿನೇಳು ಗಂಡು, ಹದಿನಾರು ಹೆಣ್ಣು ಆಗಲಿ ಎಂದು. ನಮ್ಮ ಪುರೋಹಿತರು ಎಂಟಕ್ಕೇ ನಿಲ್ಲಿಸುತ್ತಾರಲ್ಲ, ಪುಣ್ಯಾತ್ಮರು!

ಸಂತಾನ, ಸಂಪತ್ತು, ಮಾನ, ಈ ಮೂರೇ ಅವರಿಗೆ ಬಾಳಿನ ಗುರಿ. ಮೊದಲನೆಯದು ಸಂತಾನ. ಚೊಚ್ಚಲ ಮಗು ಹುಟ್ಟಿದ ದಿನದಿಂದ ತಾಯಿತಂದೆಯರ ಸ್ವಂತ ಹೆಸರು ಹಿಂದೆ ಸರಿಯುತ್ತದೆ. ಇಂಥವನ ಅಮ್ಮ, ಇಂಥವನ ಅಪ್ಪ. ಮೊಮ್ಮಗು ಹುಟ್ಟಿದರೆ ಇಂಥವನ ಅಜ್ಜಿ. ಮಕ್ಕಳಾಗದವಳನ್ನು ಏನೆಂದು ಕರೆಯುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ನನ್ನನ್ನಂತೂ ಊರಿಗೆ ಊರೇ ಟೀಚರ್ ಎನ್ನುತ್ತದೆ. "ಶಾಲೆಯ ಮಕ್ಕಳೆಲ್ಲ ನಿಮ್ಮ ಮಕ್ಕಳೇ ಅಲ್ಲವಾ" ಎಂದು ಸಮಾಧಾನ ಹೇಳುವವರು ಬೇಕಾದಷ್ಟು. ನನಗೆ ಆ ಮಾತು ಎಂದೂ ಹಿಡಿಸಿಲ್ಲ. ನಾಲ್ಕೂವರೆಯ ಬೆಲ್ ಹೊಡೆದ ಕೂಡಲೇ ಚೀಲ ಬೆನ್ನಿಗೇರಿಸಿ ಒಬ್ಬರಾದರೂ ಹಿಂದೆ ತಿರುಗಿ ನೋಡದೆ ಓಡುತ್ತಾರೆ, ಹಾಗೆಯೇ ಓಡಬೇಕು. ಅವರು ಅವರ ಅಮ್ಮಂದಿರ ಮಕ್ಕಳು.

ಮಧ್ಯಾಹ್ನ ತೊಮೋಕ್ ಎಂಬ ಹಳ್ಳಿಗೆ ಹೋದೆವು. ದಾರಿಯ ಎರಡೂ ಬದಿ ಗದ್ದೆ, ಗದ್ದೆಯ ನಡುನಡುವೆ ಗೋರಿಗಳು. ಸಣ್ಣ ಮನೆಯಂತೆಯೇ ಕಟ್ಟಿ, ಬಣ್ಣ ಬಳಿದು, ಮೇಲೆ ಶಿಲುಬೆ ಇಟ್ಟಿದ್ದಾರೆ. ಕೆಲವು ಬದುಕಿರುವವರ ಮನೆಗಿಂತ ಚೆನ್ನಾಗಿವೆ. 1860ರ ದಶಕದಲ್ಲಿ ಬಂದ ಜರ್ಮನಿಯ ಪಾದ್ರಿ ನೊಮೆನ್ಸೆನ್ ಮತ್ತು ಅವರ ಸಂಗಡಿಗರಿಂದ ಟೋಬಾ ಜನ ಕ್ರೈಸ್ತರಾದರು. ಆದರೂ ಹಿರಿಯರ ಮೂಳೆಗಳನ್ನು ವರ್ಷಗಳ ಮೇಲೆ ಹೊರತೆಗೆದು, ತೊಳೆದು, ಕುಲದವರೆಲ್ಲ ಸೇರಿ ಇಂಥ ಮನೆಯಲ್ಲಿ ಮತ್ತೆ ಇಡುವುದನ್ನು ಬಿಟ್ಟಿಲ್ಲ. ಅದಕ್ಕೆ ಮಕ್ಕಳು, ಮೊಮ್ಮಕ್ಕಳು, ದೂರದ ಜಕಾರ್ತದಿಂದಲೂ ಬರುತ್ತಾರಂತೆ. ತೊಮೋಕ್‌ನಲ್ಲಿರುವುದು ಸಿದಾಬುತಾರ್ ಕುಲದ ರಾಜರ ಕಲ್ಲಿನ ಗೋರಿ. ಒಳಗೆ ಹೋಗುವವರು ಹೆಗಲ ಮೇಲೆ ಉಲೋಸ್ ಎಂಬ ನೇಯ್ಗೆಯ ಬಟ್ಟೆ ಹಾಕಿಕೊಳ್ಳಬೇಕು; ಬಾಗಿಲಲ್ಲೇ ಕೊಡುತ್ತಾರೆ. ದೋಣಿಯಾಕಾರದ ದೊಡ್ಡ ಕಲ್ಲು, ಮುಂದೆ ದೊಡ್ಡ ಕಣ್ಣಿನ ಮುಖ. ಸುತ್ತ ಎರಡು ಫೋಟೋ ತೆಗೆದುಕೊಂಡು ಹೊರಬಂದೆವು. ರಾಜರುಗಳ ಗೋರಿ ಎಲ್ಲ ಕಡೆಯೂ ಒಂದೇ ಥರ.

ಅಲ್ಲಿಂದ ನಾಲ್ಕು ಹೆಜ್ಜೆಗೆ ಬೊಂಬೆಯಾಟ. ಸಿಗಾಲೆ-ಗಾಲೆ ಎಂದು ಅದರ ಹೆಸರು. ಆಳೆತ್ತರದ ಮರದ ಗಂಡು ಬೊಂಬೆ, ತಲೆಗೆ ರುಮಾಲು, ಹೆಗಲಿಗೆ ಉಲೋಸ್. ಉದ್ದನೆಯ ಪೆಟ್ಟಿಗೆಯ ಮೇಲೆ ನಿಂತಿದೆ. ಪೆಟ್ಟಿಗೆಯೊಳಗಿಂದ ಹಾಯ್ದ ದಾರಗಳನ್ನು ಹಿಂದೆ ಕೂತವನು ಎಳೆದರೆ ಕೈ ಎತ್ತುತ್ತದೆ, ಕತ್ತು ತಿರುಗಿಸುತ್ತದೆ, ಬಾಗುತ್ತದೆ. ನಮ್ಮ ಯಕ್ಷಗಾನದ ಬೊಂಬೆಗಳ ಚುರುಕಿಲ್ಲ. ನಿಧಾನ, ಕನಸಿನಲ್ಲಿ ನಡೆದಂತೆ. ಕಥೆ ಹೀಗೆ: ರಾಜನ ಒಬ್ಬನೇ ಮಗ ಯುದ್ಧದಲ್ಲಿ ಸತ್ತ. ರಾಜ ಹಾಸಿಗೆ ಹಿಡಿದ. ಮಗನನ್ನೇ ಹೋಲುವ ಬೊಂಬೆ ಕೆತ್ತಿಸಿ ಮುಂದೆ ಕುಣಿಸಿದರು, ರಾಜ ಎದ್ದು ಕೂತ.

ನಾವೆಲ್ಲ "ಪಾಪ" ಎಂದೆವು. ಗೈಡ್ ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಕಥೆಯಾಗಿ ಉಳಿಯುತ್ತಿತ್ತು. ಹಿಂದೆಲ್ಲ ಇದನ್ನು ನಿಜವಾಗಿ ಬಳಸುತ್ತಿದ್ದುದು ಮಕ್ಕಳಿಲ್ಲದವರು ಸತ್ತಾಗ ಎಂದ ಅವನು. ಸಾವಿನ ಮನೆಯಲ್ಲಿ ಮಕ್ಕಳು ಕುಣಿಯಬೇಕು, ಅಳಬೇಕು. ಮಕ್ಕಳಿಲ್ಲದವರಿಗೆ ಯಾರು ಕುಣಿಯಬೇಕು? ಅದಕ್ಕೇ ಬೊಂಬೆ. ಕಣ್ಣಲ್ಲಿ ನೀರು ಬರಲೆಂದು ತಲೆಯೊಳಗೆ ಒದ್ದೆ ಪಾಚಿ ತುಂಬುತ್ತಿದ್ದರು. ದಾರ ಎಳೆದರೆ ಅದು ಹಿಂಡಿದಂತಾಗಿ ನೀರು ಇಳಿಯುತ್ತಿತ್ತು. ಎಲ್ಲ ಮುಗಿದ ಮೇಲೆ ಬೊಂಬೆಯನ್ನು ಊರಾಚೆ ಎಸೆದು ಬರುತ್ತಿದ್ದರಂತೆ.

ನನ್ನ ಅತ್ತೆಯವರು ಹೋಗುವ ಹಿಂದಿನ ವಾರ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು, "ನಿಂಗೆ ಯಾರು ತಂಗೀ?" ಅವರು ಕೆಟ್ಟವರಲ್ಲ. ಮದುವೆಯಾದ ಹೊಸದರಲ್ಲಿ ಹರಕೆ, ಔಷಧಿ, ನಾಗಪ್ರತಿಷ್ಠೆ ಎಂದು ನನ್ನನ್ನು ಅಲೆಸಿದ್ದು ನಿಜ; ಮಂಗಳೂರಿನ ಡಾಕ್ಟರು ಇನ್ನು ಬೇಡ ಎಂದ ದಿನ ಬಸ್ಸಿನಲ್ಲಿ ನನ್ನ ತಲೆಯನ್ನು ತಮ್ಮ ಹೆಗಲ ಮೇಲಿಟ್ಟುಕೊಂಡು ಸಾಗರದವರೆಗೂ ಬಂದದ್ದೂ ನಿಜ. ಆಮೇಲೆ ಒಂದು ದಿನವೂ ಆ ಮಾತು ಎತ್ತಿರಲಿಲ್ಲ. ಕೊನೆಗೆ ಎತ್ತಿದರು. ನಮ್ಮವರ ತಮ್ಮನ ಮಗ ಇದ್ದಾನಲ್ಲ ಎಂದಿದ್ದೆ ನಾನು. ಅವನಿದ್ದಾನೆ, ಒಳ್ಳೆಯ ಹುಡುಗ, ಪುಣೆಯಲ್ಲಿ ಕೆಲಸ. ಬೆಂಕಿಯಿಡಲು ಬರುತ್ತಾನೆ. ಅಳುತ್ತಾನೆಯೇ ಎಂದು ಅತ್ತೆ ಕೇಳಲಿಲ್ಲ. ಈ ದ್ವೀಪದ ಜನ ಅದನ್ನೇ ಕೇಳಿಕೊಂಡು, ಅದಕ್ಕೊಂದು ಪಾಚಿಯನ್ನೂ ದಾರವನ್ನೂ ಹುಡುಕಿದ್ದಾರೆ. ಊರಿಗೆ ಊರೇ ನಿಂತು ನೋಡುವಾಗ ಮರದ ಕಣ್ಣಿನಿಂದ ಒಂದು ಹನಿ ಬಿದ್ದರೆ ಸತ್ತವಳಿಗೆ ಸಮಾಧಾನವೋ, ಅವಮಾನವೋ? ಬದುಕಿರುವ ಅವಳ ವಾರಗಿತ್ತಿಯರಿಗೆ ಏನನ್ನಿಸುತ್ತಿತ್ತು? ಬೊಂಬೆ ನನ್ನ ಮುಂದೆ ಕೈ ಆಡಿಸುತ್ತಲೇ ಇತ್ತು.

ವಾದ್ಯದವರು ಜೋರಾಗಿ ಬಾರಿಸತೊಡಗಿದರು. ನೋಡುವವರೂ ಎದ್ದು ಕುಣಿಯಬೇಕು, ಅದು ಕ್ರಮ. ಪಿ.ಟಿ. ಟೀಚರು ಎಲ್ಲರನ್ನೂ ಎಳೆದರು. ನಾನು ಕೂತೇ ಇರುತ್ತೇನೆಂದು ಎಲ್ಲರೂ ತಿಳಿದಿರಬೇಕು, ನನ್ನ ಕಡೆ ಯಾರೂ ನೋಡಲಿಲ್ಲ. ನೋಡದಿರುವುದರಲ್ಲೂ ಒಂದು ನೋಟ ಇರುತ್ತದೆ. ಮೂವತ್ತು ವರ್ಷದಲ್ಲಿ ಅದನ್ನು ಚೆನ್ನಾಗಿ ಬಲ್ಲೆ. ಸೆರಗು ಸಿಕ್ಕಿಸಿಕೊಂಡು ಎದ್ದೆ. ಕುಣಿತ ಕಷ್ಟದ್ದಲ್ಲ. ಕೈಗಳೆರಡನ್ನೂ ಮುಗಿದು, ಮೊಣಕಾಲು ಒಂದಿಷ್ಟು ಬಗ್ಗಿಸಿ, ನಿಂತಲ್ಲೇ ಏರಿಳಿಯುವುದು. ಬೊಂಬೆಯ ಎದುರಿಗೇ ನಿಂತು, ವಾದ್ಯ ನಿಲ್ಲುವವರೆಗೂ ಕುಣಿದೆ. ಕೊನೆಗೆ ಅದರ ಬೆರಳ ಸಂದಿಯಲ್ಲಿ ಹತ್ತು ಸಾವಿರದ ನೋಟು ಸಿಕ್ಕಿಸಿದೆ. ಗಾಬರಿಯಾಗಬೇಡಿ, ಅವರ ಹತ್ತು ಸಾವಿ‌ರ ರುಪಾಯ ಎಂದರೆ ನಮ್ಮ ಐವತ್ತು ಚಿಲ್ಲರೆ. ಬೊಂಬೆ ನನ್ನ ಕಡೆ ಕತ್ತು ತಿರುಗಿಸಿ ತಲೆಬಾಗಿತು. ಹಿಂದೆ ಕೂತವನು ದಾರ ಎಳೆದ, ಅಷ್ಟೆ.

ಹೊರಗೆ ಅಂಗಡಿ ಸಾಲು. ಉಲೋಸ್ ಮಾರುವ ಒಂದು ಅಂಗಡಿಯಲ್ಲಿ ಅಜ್ಜಿಯೊಬ್ಬರು ಎಲೆಯಡಿಕೆ ಜಗಿಯುತ್ತ ಕೂತಿದ್ದರು. ಬಾಯೆಲ್ಲ ಕೆಂಪು. ಗೈಡ್ ಅವರನ್ನು ಮೊಮ್ಮಗನ ಹೆಸರು ಹಿಡಿದೇ ಮಾತಾಡಿಸಿದ. ಸ್ವಂತ ಹೆಸರು ಅವನಿಗೂ ತಿಳಿಯದು. ಉಲೋಸ್ ಬರಿಯ ಹೊದಿಕೆಯಲ್ಲ. ಹೆಂಗಸರು ಸೊಂಟಕ್ಕೆ ಪಟ್ಟಿ ಕಟ್ಟಿ ನೆಲದಲ್ಲಿ ಕೂತು ನೇಯುವ ಬಟ್ಟೆ. ಕೆಂಪು, ಕಪ್ಪು, ಬಿಳುಪಿನ ಎಳೆಗಳು. ಮದುವೆಗೆ, ಬಾಣಂತನಕ್ಕೆ, ಸಾವಿಗೆ, ಒಂದೊಂದಕ್ಕೂ ಬೇರೆ ಬೇರೆ. ಯಾವಾಗಲೂ ಹೆಣ್ಣು ಕೊಟ್ಟ ಮನೆಯಿಂದ ಹೆಣ್ಣು ಹೋದ ಮನೆಗೆ ಬರಬೇಕು. ಮಗಳಿಗೆ ಏಳು ತಿಂಗಳಾದಾಗ ತಾಯಿತಂದೆ ಬಂದು ಉಲೋಸ್ ಹೊದಿಸಿ ಹರಸಿ ಹೋಗುತ್ತಾರೆ. "ಅಯ್ಯೋ, ನಮ್ಮ ಸೀಮಂತವೇ!" ಎಂದು ಎಲ್ಲರೂ ಮುಗಿಬಿದ್ದರು. ಹೊಲಿಗೆ ಟೀಚರ ನಡುವಿನ ಮಗಳಿಗೆ ಆಗ ಐದು ತಿಂಗಳು. ಅವರು ಒಂದೊಂದನ್ನೂ ಬಿಚ್ಚಿ, ಅಂಚು ಹಿಡಿದು, ಎಳೆ ಎಣಿಸಿ ನೋಡಿ ಒಂದನ್ನು ಆರಿಸಿದರು. ಮಿಕ್ಕವರೂ ಸೊಸೆಗೆ, ಮಗಳಿಗೆ ಎಂದು ಕೊಂಡರು.

ನನಗೂ ಒಂದು ಮನಸ್ಸಿಗೆ ಬಂತು. ಕಪ್ಪು ನೆಲ, ಸಣ್ಣ ಕೆಂಪು ಗೆರೆ, ಎರಡು ತುದಿಯಲ್ಲಿ ಬಿಳಿಯ ಹೂವು. ಮೂರು ಲಕ್ಷ ರುಪಾಯ ಎಂದರು. ಜೀವನದಲ್ಲಿ ಮೊದಲ ಸಲ ಲಕ್ಷ ಎಣಿಸಿ ಕೊಡುತ್ತಿದ್ದೆ. ಅಜ್ಜಿ ಕಟ್ಟುವ ಮೊದಲು ಏನೋ ಕೇಳಿದರು. ಮಗಳಿಗೋ, ಸೊಸೆಗೋ?

"ನನಗೆ" ಎಂದೆ.

ಗೈಡ್ ಅದನ್ನು ಹೇಳಿದ ಮೇಲೆ ಅಜ್ಜಿ ಬಟ್ಟೆಯನ್ನು ಕೊಡದೆ ಹಾಗೇ ಹಿಡಿದುಕೊಂಡರು. ತಮಗೆ ತಾವೇ ಉಲೋಸ್ ಹೊದೆಯುವುದು ಪದ್ಧತಿಯಲ್ಲವಂತೆ. ಹಿರಿಯರು ಯಾರಾದರೂ ಹೊದಿಸಬೇಕು. ನನ್ನ ತಾಯಿ ಇದ್ದಾರೆಯೇ ಎಂದು ಕೇಳಿದರು. ಇಲ್ಲ ಎಂದೆ. ಇದಕ್ಕೆ ತಿದಾ ಎಂದೇ ಹೇಳಬಹುದಿತ್ತು. ಸೋದರಮಾವ? ಅವರೂ ಇಲ್ಲ. ತವರೂರು ಯಾವುದು, ಅಲ್ಲಿ ಯಾರಿದ್ದಾರೆ? ನಾನು ಸಾಗರದ ಹೆಸರು ಹೇಳಿ, ಆಮೇಲೆ ಏನನ್ನಿಸಿತೋ, ಅಮ್ಮನ ಊರು ನೀರಿನ ಕೆಳಗಿದೆ ಎಂದೆ. ಗೈಡ್ ಹೇಗೆ ಅನುವಾದಿಸಿದನೋ ಕಾಣೆ. ಅಜ್ಜಿ ಸರೋವರದ ಕಡೆ ಒಮ್ಮೆ ನೋಡಿದರು. ಎದ್ದು, ಬಾಯಲ್ಲಿದ್ದ ಎಲೆಯಡಿಕೆಯನ್ನು ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬಂದು ನನ್ನೆದುರು ನಿಂತರು. ನನ್ನ ಹೆಗಲಿನವರೆಗೆ ಬರುತ್ತಿದ್ದರು ಅಷ್ಟೆ. ಕಾಲ ತುದಿಯಲ್ಲಿ ನಿಂತು ಬಟ್ಟೆಯನ್ನು ನನ್ನ ಎರಡು ಹೆಗಲಿಗೂ ಹೊದಿಸಿ, ಮುಂದೆ ಎಳೆದು ಸರಿಮಾಡಿ, ತಮ್ಮ ಭಾಷೆಯಲ್ಲಿ ಉದ್ದಕ್ಕೆ ಏನೋ ಹೇಳಿದರು. ಮಕ್ಕಳ ಮಾತು ಅದರಲ್ಲಿತ್ತೋ ಇಲ್ಲವೋ. ಹದಿನೇಳು, ಹದಿನಾರು ಎಂದು ಹರಸಿದ್ದರೂ ಬೇಸರವಿರಲಿಲ್ಲ. ಕೊನೆಗೆ "ಹೊರಾಸ್" ಎಂದು ಮೂರು ಸಲ ಅಂದರು. ಗೈಡ್‌ನನ್ನು ನಾನು ಅರ್ಥ ಕೇಳಲಿಲ್ಲ. ಬಾಗಿ ಅಜ್ಜಿಯ ಕಾಲು ಮುಟ್ಟಿದೆ. ಅವರು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ಆ ಪದ್ಧತಿ ಅವರಲ್ಲಿಲ್ಲ.

ತುಕ್‌ತುಕ್‌ಗೆ ಮರಳಿದಾಗ ಕತ್ತಲಾಗಿತ್ತು. ಬೆಟ್ಟದ ಗಾಳಿ, ನಮ್ಮ ಕೊಡಚಾದ್ರಿಯ ತಪ್ಪಲಿನಷ್ಟು ಚಳಿ. ಎಲ್ಲರೂ ಜಗಲಿಯ ಮೇಲೆ ಕೂತು ಮನೆಗೆ ಫೋನು ಹಚ್ಚಿದರು. ಅಲ್ಲಿ ಎಂಟೂವರೆ, ನಮ್ಮೂರಲ್ಲಿ ಏಳು. ಒಂಬತ್ತು ಮಂದಿಯೂ ಒಟ್ಟಿಗೆ ಕೂಗಿ ಮಾತಾಡುವ ಗದ್ದಲದಲ್ಲಿ ನಮ್ಮವರ ದನಿ ಸಣ್ಣಗೆ ಕೇಳಿತು. ಹಾಲಿನವನು ಬಂದಿರಲಿಲ್ಲ, ಬೆಕ್ಕು ಊಟ ಬಿಟ್ಟಿದೆ, ತೋಟಕ್ಕೆ ಮಂಗ ಬಂದಿತ್ತು. "ಕೆರೆ ದೊಡ್ಡದಾ? ನಮ್ಮ ಹಿನ್ನೀರಿಗಿಂತ?" ಎಂದು ಕೇಳಿದರು. ಮೂರು ಪಟ್ಟಿಗೂ ಮಿಕ್ಕಿ ಎಂದೆ. "ಹುಷಾರು" ಎಂದರು. ಬೊಂಬೆಯ ವಿಷಯ ಹೇಳಲೇ ಎಂದುಕೊಂಡೆ. ಫೋನಿನಲ್ಲಿ ಹೇಳುವಂಥದ್ದಲ್ಲ, ಊರಿಗೆ ಹೋದ ಮೇಲೆ ಜಗಲಿಯಲ್ಲಿ ಕೂತು, ಅಡಿಕೆ ಸುಲಿಯುವಾಗ, ಮುಖ ನೋಡದೆ ಹೇಳಬಹುದು. ಸಾರಿನಪುಡಿ ಯಾವ ಡಬ್ಬಿಯಲ್ಲಿದೆ ಎಂದು ಅವರು ಕೇಳಿದರು, ಹೇಳಿದೆ.

ಕೋಣೆಯಲ್ಲಿ ಗಣಿತದ ಮೇಡಂ ದಿನದ ಖರ್ಚು ಬರೆಯುತ್ತಿದ್ದರು. ದೀಪದ ಹತ್ತಿರ ನನ್ನ ಉಲೋಸ್ ಹಿಡಿದು, ಮಗ್ಗುಲು ಮಗುಚಿ, ಅಂಚು ಎಳೆದು ನೋಡಿದರು.

"ಎಷ್ಟು ಕೊಟ್ರಿ?"

"ಮೂರು ಲಕ್ಷ."

"ಪಕ್ಕದಂಗಡಿಯಲ್ಲಿ ಇಂಥದ್ದೇ ಎರಡೂವರೆಗೆ ಕೊಡ್ತಿದ್ದ ಕಣ್ರೀ. ಚೌಕಾಸಿ ಮಾಡಬಾರದಿತ್ತಾ?"

ಹೊದಿಸಿದ್ದರ ಕೂಲಿಯೂ ಅದರಲ್ಲಿ ಸೇರಿದೆ ಎಂದೆ. ಅವರು ಆ ಐವತ್ತು ಸಾವಿರವನ್ನು ಯಾವ ಬಾಬಿಗೆ ಹಾಕುವುದೆಂದು ಪೆನ್ನು ಕಚ್ಚುತ್ತ ಯೋಚಿಸುತ್ತಿದ್ದರು. ನಾನು ದೀಪದ ಕಡೆಗೆ ಬೆನ್ನು ಹಾಕಿ, ಉಲೋಸನ್ನು ಕಿವಿಯವರೆಗೂ ಎಳೆದುಕೊಂಡು ಮಲಗಿದೆ.